ಸೋರೆಬುರುಡೆ ಕಟ್ಟಿಕೊಂಡು ನೀರು ದಾಟುವುದು: ಬಳ್ಳಿಯಿಂದ ಆಚೆ ದಡದವರೆಗೆ, ಹಂತ ಹಂತವಾಗಿ

ಒಣ ಸೋರೆಬುರುಡೆ ಕಟ್ಟಿಕೊಂಡು ಕೆರೆಗಿಳಿದವರ ದೂರುಗಳು ಹೆಚ್ಚುಕಡಿಮೆ ಮೂರೇ. ಬುರುಡೆ ಅರ್ಧ ದಾರಿಯಲ್ಲಿ ನೀರು ಕುಡಿಯಿತು. ಹಗ್ಗ ಜಾರಿ ಬುರುಡೆ ಒಂದು ಕಡೆ, ಮನುಷ್ಯ ಒಂದು ಕಡೆ ಆದ. ಮೂರನೆಯದು, ಬುರುಡೆ ಚೆನ್ನಾಗಿಯೇ ತೇಲಿತು, ಮುಖ ಮಾತ್ರ ನೀರೊಳಗೇ ಉಳಿಯಿತು. ಬುರುಡೆ ಸರಿ ಇರಲಿಲ್ಲ ಎಂದು ಎಲ್ಲರೂ ಬುರುಡೆಯನ್ನೇ ಬೈಯುತ್ತಾರೆ. ನಾನು ಕಂಡಂತೆ ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಪೂರ್ತಿ ಒಣಗುವ ಮುಂಚೆ ಮೇಣ ಹಚ್ಚಿರುತ್ತಾರೆ, ಬಿರುಕು ಹುಡುಕುವ ಮುಂಚೆ ಹಗ್ಗ ಹೆಣೆದಿರುತ್ತಾರೆ, ಕಲ್ಲು ಕಟ್ಟಿ ನೋಡುವ ಮುಂಚೆ ತಾವೇ ಇಳಿದಿರುತ್ತಾರೆ.

ಸೈನ್ಯವನ್ನು ನೀರು ದಾಟಿಸಲು ಏನೇನು ಬಳಸಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರದ 10ನೇ ಅಧಿಕರಣ ಒಂದು ಪಟ್ಟಿ ಕೊಡುತ್ತದೆ. ದೋಣಿ, ಮರ, ಬಿದಿರಿನ ಕಟ್ಟುಗಳ ಜೊತೆಗೆ ಅದರಲ್ಲಿ ಸೋರೆ, ಚರ್ಮ ಹೊದಿಸಿದ ಬುಟ್ಟಿ, ತೊಗಲಿನ ಚೀಲಗಳೂ ಇವೆ. ಸಾಧನದ ಹೆಸರಿದೆ, ಮಾಡುವ ಬಗೆ ಇಲ್ಲ. ಇಲ್ಲಿ ಬರೆದಿರುವುದು ಆ ಬಗೆ. ಸೋರೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಬಾಳೆದಿಂಡು, ಕೊಡ, ತೊಗಲು ಕೊನೆಯಲ್ಲಿವೆ.

ಮೊದಲೇ ಒಂದು ಮಾತು. ಇದನ್ನು ಮಾಡಿ ನೋಡುವುದು ಎದೆಮಟ್ಟ ನೀರಿರುವ ಈಜುಕೊಳದಲ್ಲಿ ಅಥವಾ ತಳ ಗೊತ್ತಿರುವ ಕೆರೆಯಂಚಿನಲ್ಲಿ. ಈಜು ಬಲ್ಲ ಇನ್ನೊಬ್ಬರು ಪಕ್ಕದಲ್ಲಿರಬೇಕು, ಕೈಗೆಟಕುವಂತೆ ಲೈಫ್ ಜಾಕೆಟ್ ಇರಬೇಕು. ಈಜು ಬಾರದವರು ಬುರುಡೆ ನಂಬಿ ಆಳಕ್ಕೆ ಹೋಗಬಾರದು. ಇದಕ್ಕೆ ಒಪ್ಪದವರು ಬುರುಡೆಯನ್ನು ಅಟ್ಟದ ಮೇಲೇ ಇಟ್ಟಿರಲಿ.

ಬೇಕಾದ ಸಾಮಾನು

ಬಲಿತ ಸೋರೆ ನಾಲ್ಕು. ಬಳಸುವುದು ಎರಡೇ, ಒಣಗುವಾಗ ಒಂದೆರಡು ಕೊಳೆಯುವುದು ಇದ್ದದ್ದೇ. ಕಿರುಬೆರಳಿಗಿಂತ ತುಸು ತೆಳ್ಳಗಿನ ಸೆಣಬಿನ ಹುರಿ ಅಥವಾ ಹತ್ತಿ ಹಗ್ಗ, 20 ಮೀಟರ್. ನಾಲ್ಕು ಬೆರಳು ಅಗಲದ ಹತ್ತಿ ಪಟ್ಟಿ, ಮೂರು ಮೀಟರ್. ಹಳೆಯ ಪಂಚೆ ಹರಿದು ಮಡಿಸಿದರೂ ನಡೆಯುತ್ತದೆ. ಜೇನುಮೇಣ, ಸ್ವಲ್ಪ ರಾಳ, ಹಳೇ ಬಟ್ಟೆ, ಮೊಂಡು ಚಾಕು, ತೆಂಗಿನ ನಾರು, ದರ್ಜಿಯ ಟೇಪು, ಅಡುಗೆಮನೆ ತಕ್ಕಡಿ, ದೊಡ್ಡ ಟಬ್ಬು. ಮೂಗಿಗೆ ಮಾಸ್ಕ್ ಕೂಡ ಬೇಕು, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಹಂತ 1: ಎಷ್ಟು ದೊಡ್ಡ ಬುರುಡೆ ಬೇಕೆಂಬ ಲೆಕ್ಕ

ಇದನ್ನು ಬಳ್ಳಿಯ ಹತ್ತಿರ ನಿಂತೇ ಮಾಡಬೇಕು. ಮನೆಗೆ ತಂದು ಆರು ತಿಂಗಳು ಒಣಗಿಸಿದ ಮೇಲೆ ಚಿಕ್ಕದಾಯಿತೆಂದು ಗೊತ್ತಾದರೆ ವರ್ಷವೇ ಹೋಯಿತು.

ಬುರುಡೆ ನಿಮ್ಮನ್ನು ನೀರಿನಿಂದ ಮೇಲೆತ್ತಬೇಕಾಗಿಲ್ಲ. ಮೈಯ ಹೆಚ್ಚಿನ ಭಾರವನ್ನು ನೀರೇ ಹೊರುತ್ತದೆ. ಬುರುಡೆಯ ಕೆಲಸ ತಲೆಯನ್ನು, ಅದರಲ್ಲೂ ಮೂಗು ಬಾಯಿಯನ್ನು, ನೀರಿನ ಮೇಲಿಡುವುದು. ತಲೆಯ ತೂಕ ಸುಮಾರು 5 ಕೆಜಿ. ಈಗಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಈಜು ಬಲ್ಲವರು ದಡದ ಹತ್ತಿರ ತೊಡುವ ಜಾಕೆಟ್‌ಗೆ ಕನಿಷ್ಠ 50 ನ್ಯೂಟನ್, ಅಂದರೆ ಸುಮಾರು 5 ಕೆಜಿ ಎತ್ತುವ ಶಕ್ತಿ ಬೇಕು. ಅಲೆಯಿಲ್ಲದ ನೀರಿನ ಲೈಫ್ ಜಾಕೆಟ್‌ಗೆ 100 ನ್ಯೂಟನ್. ನಾವು 10 ಕೆಜಿಯನ್ನೇ ಗುರಿ ಇಟ್ಟುಕೊಳ್ಳೋಣ.

ಬುರುಡೆಯ ದುಂಡನೆಯ ಭಾಗದ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಅದನ್ನು ಅದರಿಂದಲೇ ಗುಣಿಸಿ, ಇನ್ನೊಮ್ಮೆ ಗುಣಿಸಿ, 59,000ದಿಂದ ಭಾಗಿಸಿದರೆ ಬುರುಡೆ ಎಷ್ಟು ಲೀಟರಿನದೆಂದು ಸಿಗುತ್ತದೆ. 60 ಸೆಂ.ಮೀ. ಸುತ್ತಳತೆಯದು 3.7 ಲೀಟರ್, 70ರದ್ದು 5.8, 80ರದ್ದು 8.7, 90ರದ್ದು 12.4. ಸುತ್ತಳತೆ ತುಸು ಹೆಚ್ಚಾದರೂ ಲೀಟರ್ ಎಷ್ಟು ಜಿಗಿಯುತ್ತದೆ ನೋಡಿ. ಚಿಕ್ಕ ಬುರುಡೆ ಕಟ್ಟಿದವರು ಮೋಸಹೋಗುವುದು ಇಲ್ಲಿಯೇ. ಒಂದು ಲೀಟರ್ ಜಾಗ ಒಂದು ಕೆಜಿ ಎತ್ತುತ್ತದೆ, ಅದರಲ್ಲಿ ಬುರುಡೆಯ ಸ್ವಂತ ತೂಕ ಕಳೆಯಬೇಕು.

80 ಸೆಂ.ಮೀ.ನ ಎರಡು ಬುರುಡೆ ಇದ್ದರೆ 17 ಲೀಟರ್ ದಾಟುತ್ತದೆ. ಇಷ್ಟೊಂದು ಯಾಕೆ ಎಂದರೆ, ಒಂದು ಒಡೆದರೂ ಇನ್ನೊಂದು ತಲೆ ಹಿಡಿದಿಡಬೇಕು. ಒಂದೇ ದೊಡ್ಡ ಬುರುಡೆಯ ಮೇಲೆ ಜೀವ ಇಡುವುದನ್ನು ನಾನು ಒಪ್ಪುವುದಿಲ್ಲ, ಅದೆಷ್ಟೇ ಗಟ್ಟಿಯಿರಲಿ.

ಹಂತ 2: ಬಳ್ಳಿಯಲ್ಲಿ ಬಲಿಯಲು ಬಿಡುವುದು

ಪಲ್ಯಕ್ಕೆ ಬರುವ ಎಳೆಯ ಉದ್ದ ಸೋರೆ ಈ ಕೆಲಸಕ್ಕೆ ಬಾರದು. ತಂಬೂರಿಗೆ, ಕಮಂಡಲಕ್ಕೆ ಬಳಸುವಂಥ ದಪ್ಪ ಸಿಪ್ಪೆಯ ದುಂಡು ಜಾತಿ ಬೇಕು. ನಡುವೆ ಸಣ್ಣ ಸೊಂಟವಿರುವ ಕಾಯಿ ಸಿಕ್ಕರೆ ಹಗ್ಗಕ್ಕೆ ಹಿಡಿತ ಸಿಗುತ್ತದೆ, ಇಲ್ಲದಿದ್ದರೂ ಬಲೆ ಹೆಣೆದು ಸರಿದೂಗಿಸಬಹುದು.

ತೊಟ್ಟು ಕಂದಾಗಿ ಒಣಗುವವರೆಗೆ ಕೀಳಬೇಡಿ. ಉಗುರಿನಿಂದ ಒತ್ತಿ ನೋಡಿ. ಗುರುತು ಮೂಡಿದರೆ ಇನ್ನೂ ಎಳೆಯದು. ಎಳೆಯದನ್ನು ಕಿತ್ತರೆ ಒಣಗುತ್ತಾ ಸುಕ್ಕುಗಟ್ಟಿ ಒಳಕ್ಕೆ ಕುಸಿಯುತ್ತದೆ. ನೆಲಕ್ಕೆ ತಾಗುವ ಕಾಯಿಯ ಕೆಳಗೆ ಒಣಹುಲ್ಲು ಹಾಕಿ. ತೇವದ ನೆಲದಲ್ಲಿ ಕುಳಿತ ಕಡೆ ಸಿಪ್ಪೆ ಮೆತ್ತಗಾಗುತ್ತದೆ, ಮುಂದೆ ಒಡೆಯುವುದೂ ಆ ಜಾಗದಲ್ಲೇ.

ಕೊಯ್ಯುವಾಗ ಎರಡು ಇಂಚು ತೊಟ್ಟು ಉಳಿಸಿ. ತೊಟ್ಟು ಬುಡದಿಂದ ಕಿತ್ತುಬಂದರೆ ಅಲ್ಲೊಂದು ತೂತು ಬಿದ್ದಂತೆ, ಆ ಬುರುಡೆ ತೇಲಿಸಲು ಬಾರದು. ನೀರು ಹಾಕುವ ಪಾತ್ರೆಗೋ ಹಕ್ಕಿಗೂಡಿಗೋ ಇಟ್ಟುಕೊಳ್ಳಿ.

ಕಹಿ ಜಾತಿಯ ತಿರುಳನ್ನು ರುಚಿ ನೋಡಲೂ ಬಾಯಿಗೆ ಹಾಕಬೇಡಿ. ಕಹಿ ಸೋರೆ ವಿಷ, ವಾಂತಿಭೇದಿ ತರುತ್ತದೆ, ಅದರ ರಸ ಕುಡಿದು ಸತ್ತವರಿದ್ದಾರೆ.

ಹಂತ 3: ಒಣಗಿಸುವುದು

ಅವಸರದವರು ಬಿಸಿಲಿಗಿಡುತ್ತಾರೆ. ಬಿಸಿಲಿನಲ್ಲಿ ಹೊರಸಿಪ್ಪೆ ಬೇಗ ಬಿಗಿಯುತ್ತದೆ, ಒಳಗೆ ಹಸಿ ಉಳಿಯುತ್ತದೆ. ಸಿಪ್ಪೆ ಸೀಳುತ್ತದೆ, ಸೀಳದಿದ್ದರೆ ಒಳಗೆ ಕೊಳೆಯುತ್ತದೆ. ನೆರಳು, ಗಾಳಿ, ಒಂದಕ್ಕೊಂದು ತಾಗದಂತೆ ಜಾಗ, ಇಷ್ಟೇ ಸಾಕು. ಜಂತೆಗೆ ತೂಗುಹಾಕುವುದು ಉತ್ತಮ. ಹಲಗೆಯ ಮೇಲಿಟ್ಟರೆ ವಾರಕ್ಕೊಮ್ಮೆ ಹೊರಳಿಸಿ.

ಕೆಲವು ವಾರಗಳಲ್ಲಿ ಮೈಮೇಲೆಲ್ಲ ಬೂಷ್ಟು ಬರುತ್ತದೆ. ಹೆದರಿ ಎಸೆಯಬೇಡಿ. ಒಳಗಿನ ನೀರು ಸಿಪ್ಪೆಯ ಮೂಲಕ ಹೊರಬರುತ್ತಿದೆ ಎಂದು ಅದರ ಅರ್ಥ. ಬೂಷ್ಟಿನ ಕೆಳಗೆ ಸಿಪ್ಪೆ ಗಟ್ಟಿಯಿದ್ದರೆ ಚಿಂತೆಯಿಲ್ಲ. ಬೆರಳೊತ್ತಿದರೆ ತಗ್ಗು ಬಿದ್ದರೆ, ಹುಳಿ ವಾಸನೆ ಬಂದರೆ, ಕೆಳಗೆ ನೀರು ಸೋರಿದ ಕಲೆ ಕಂಡರೆ ಮಾತ್ರ ಆ ಬುರುಡೆ ಗೊಬ್ಬರದ ಗುಂಡಿಗೆ.

ದೊಡ್ಡ ಬುರುಡೆಗೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ, ಮಳೆಗಾಲ ನಡುವೆ ಬಂದರೆ ಇನ್ನೂ ಹೆಚ್ಚು. ಕಿವಿಯ ಹತ್ತಿರ ಅಲ್ಲಾಡಿಸಿ. ಬೀಜ ಗಲಗಲ ಎನ್ನಬೇಕು. ಬೀಜದ ಸದ್ದೊಂದನ್ನೇ ನಂಬಬೇಡಿ, ತಿಂಗಳಿಗೊಮ್ಮೆ ತೂಕ ಮಾಡಿ ಗೋಡೆಯ ಮೇಲೆ ಬರೆದಿಡಿ. ಸತತ ಎರಡು ಸಲ ಒಂದೇ ತೂಕ ಬಂದ ಮೇಲೆ ಮುಂದಿನ ಕೆಲಸ.

ಹಂತ 4: ಕೆರೆದು, ಬಿರುಕು ಹುಡುಕುವುದು

ಮೇಲಿನ ಪೊರೆ ಮತ್ತು ಬೂಷ್ಟು ತೆಗೆಯಬೇಕು, ಇಲ್ಲದಿದ್ದರೆ ಮೇಣ ಅಂಟುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಬುರುಡೆಯನ್ನು ಒಂದೆರಡು ಗಂಟೆ ಸುತ್ತಿಡಿ, ಆಮೇಲೆ ಮೊಂಡು ಚಾಕುವಿನಿಂದ ಕೆರೆದು ತೆಂಗಿನ ನಾರಿನಿಂದ ಉಜ್ಜಿ. ಒಣದಾಗಿಯೇ ಕೆರೆದರೆ ಬೂಷ್ಟಿನ ಪುಡಿ ಎದ್ದು ಕೆಮ್ಮು ಹತ್ತುತ್ತದೆ. ಮಾಸ್ಕ್ ಅದಕ್ಕೆ.

ಇನ್ನು ಬಹುಪಾಲು ಜನ ಬಿಟ್ಟುಬಿಡುವ ಕೆಲಸ. ಕೈ ಸುಡದಷ್ಟು ಬಿಸಿಯಾದ ನೀರನ್ನು ಟಬ್ಬಿಗೆ ಹಾಕಿ, ತಣ್ಣಗಿರುವ ಬುರುಡೆಯನ್ನು ಎರಡೂ ಕೈಯಿಂದ ಪೂರ್ತಿ ಮುಳುಗಿಸಿ ಹಿಡಿಯಿರಿ. ಬುರುಡೆ ಕೈಯನ್ನು ಒದ್ದು ಮೇಲೇಳಲು ನೋಡುತ್ತದೆ, ಬಿಡಬೇಡಿ. ಒಳಗಿನ ಗಾಳಿ ಕಾಯ್ದು ಹಿಗ್ಗಿ, ಎಲ್ಲಿ ದಾರಿ ಸಿಕ್ಕರೂ ಹೊರಬರುತ್ತದೆ. ಆರಂಭದಲ್ಲಿ ಮೈಯೆಲ್ಲ ಸಣ್ಣ ಗುಳ್ಳೆ ಕಾಣುತ್ತವೆ. ಅವು ಸಿಪ್ಪೆಗೆ ಅಂಟಿದ ಗಾಳಿ, ಕೈಯಿಂದ ಒರೆಸಿ. ಒರೆಸಿದ ಮೇಲೂ ಒಂದೇ ಜಾಗದಿಂದ ಸಾಲಾಗಿ ಏಳುವ ಗುಳ್ಳೆಗಳಿದ್ದರೆ ಅಲ್ಲಿ ಬಿರುಕಿದೆ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಕೂಡ ಹೀಗೆ ಸಿಕ್ಕಿಬೀಳುತ್ತದೆ. ಇದ್ದಿಲಿನಿಂದ ಗುರುತು ಹಾಕಿ. ಹೆಚ್ಚಾಗಿ ತೊಟ್ಟಿನ ಬುಡದಲ್ಲಿ, ಹೂವು ಉದುರಿದ ತುದಿಯಲ್ಲಿ ಸಿಗುತ್ತವೆ.

ಗುರುತು ಒಂದೆರಡಿದ್ದರೆ ಮುಚ್ಚಬಹುದು. ಬಿರುಕು ಬೆರಳುದ್ದ ಇದ್ದರೆ ಅಥವಾ ತಟ್ಟಿದಾಗ ಒಡಕು ಸದ್ದು ಬಂದರೆ ಆ ಬುರುಡೆ ಬಿಡಿ.

ಬೀಜ ತೆಗೆಯಲು ತೂತು ಕೊರೆದು ಬೆಣೆ ಹೊಡೆಯುವವರಿದ್ದಾರೆ. ಬೇಡ. ಬೀಜದ ತೂಕ ಲೆಕ್ಕಕ್ಕಿಲ್ಲ, ಬೆಣೆಯಿಂದ ಸೋರುವ ನೀರು ಲೆಕ್ಕಕ್ಕಿದೆ.

ಹಂತ 5: ಮೇಣ ಹಚ್ಚುವುದು

ಬಿಸಿನೀರಿಂದ ತೆಗೆದ ಬುರುಡೆಯನ್ನು ಮತ್ತೆ ನಾಲ್ಕೈದು ದಿನ ನೆರಳಲ್ಲಿ ಒಣಗಿಸಿ. ಹಸಿ ಸಿಪ್ಪೆಯ ಮೇಲೆ ಹಚ್ಚಿದ ಮೇಣ ಹಾಳೆಯಾಗಿ ಎದ್ದು ಬರುತ್ತದೆ.

ಮೂರು ಪಾಲು ಜೇನುಮೇಣ, ಒಂದು ಪಾಲು ಪುಡಿ ಮಾಡಿದ ರಾಳ. ಬರೀ ಮೇಣ ಬಿಸಿಲಿಗೆ ಮೆತ್ತಗಾಗಿ ಹಗ್ಗದಡಿ ಒರೆಸಿಹೋಗುತ್ತದೆ, ರಾಳ ಅದಕ್ಕೆ ಗಡಸು ಕೊಡುತ್ತದೆ. ರಾಳ ಹೆಚ್ಚಾದರೆ ಪದರ ಸಿಡಿಯುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಚಿಕ್ಕ ಪಾತ್ರೆ ಇಟ್ಟು ಕರಗಿಸಿ. ಮೇಣ ಹೊತ್ತಿಕೊಳ್ಳುತ್ತದೆ, ನೇರ ಉರಿಯ ಮೇಲೆ ಯಾವತ್ತೂ ಇಡಬೇಡಿ. ರಾಳ ಕರಗಲು ಹೊತ್ತು ಹಿಡಿಯುತ್ತದೆ, ಕಡ್ಡಿಯಿಂದ ಕದಡುತ್ತಿರಿ.

ಮೊದಲು ಗುರುತು ಹಾಕಿದ ಬಿರುಕುಗಳಿಗೆ, ತೊಟ್ಟಿಗೆ, ತುದಿಗೆ ಎರಡೆರಡು ಸಲ. ಆಮೇಲೆ ಇಡೀ ಮೈಗೆ ತೆಳ್ಳಗೆ ಹಚ್ಚಿ, ಬಟ್ಟೆಯಿಂದ ಬಿಸಿಯಿರುವಾಗಲೇ ತಿಕ್ಕಿ. ದಪ್ಪ ಬಳಿದರೆ ಒಳ್ಳೆಯದೆಂಬ ನಂಬಿಕೆ ಇದೆ. ದಪ್ಪ ಪದರ ಜಾರುತ್ತದೆ, ಹಗ್ಗ ನಿಲ್ಲುವುದಿಲ್ಲ. ಮತ್ತೊಮ್ಮೆ ಟಬ್ಬಿನ ಪರೀಕ್ಷೆ, ಈ ಸಲ ಉಗುರುಬೆಚ್ಚಗಿನ ನೀರು ಸಾಕು.

ಹಂತ 6: ಬಲೆ ಹೆಣೆಯುವುದು

ಬುರುಡೆಯ ಕುತ್ತಿಗೆಗೆ ಒಂದು ಕುಣಿಕೆ ಬಿಗಿದು, ಅದರ ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಸಲ್ಲದು. ಇಡೀ ಎಳೆತ ಕುತ್ತಿಗೆಯ ತೆಳು ಸಿಪ್ಪೆಯ ಮೇಲೆ ಬೀಳುತ್ತದೆ, ಮೈ ಜಗ್ಗಿದ ಕ್ಷಣ ಕುತ್ತಿಗೆ ಮುರಿದು ನೀರು ನುಗ್ಗುತ್ತದೆ. ಎಳೆತ ಬುರುಡೆಯ ತಳದಿಂದ ಬರಬೇಕು.

ಹೆಣೆಯುವ ಕ್ರಮ ಹೀಗೆ. ಅಂಗೈ ಅಗಲದ ಒಂದು ಹಗ್ಗದ ಬಳೆ ಮಾಡಿ ಬುರುಡೆಯ ತಳದಲ್ಲಿಡಿ. ಅದರಿಂದ ಎಂಟು ಎಳೆಗಳನ್ನು ಸಮ ಅಂತರದಲ್ಲಿ ಮೇಲಕ್ಕೆ ತನ್ನಿ. ಪಕ್ಕಪಕ್ಕದ ಎರಡೆರಡು ಎಳೆ ಸೇರಿಸಿ ಒಂದು ಸುತ್ತು ಗಂಟು ಹಾಕಿ. ಮೂರು ಬೆರಳು ಮೇಲೆ, ಜೋಡಿ ಬದಲಿಸಿ ಇನ್ನೊಂದು ಸುತ್ತು. ಹೀಗೆ ಕುತ್ತಿಗೆಯವರೆಗೆ ಹೋದರೆ ವಜ್ರಾಕಾರದ ಕಣ್ಣುಗಳ ಬಲೆಯಾಗುತ್ತದೆ. ಕೊನೆಗೆ ಎಲ್ಲ ಎಳೆಗಳನ್ನೂ ಮೇಲಿನ ಇನ್ನೊಂದು ಬಳೆಗೆ ಕಟ್ಟಿ. ಮೈಗೆ ಹೋಗುವ ಪಟ್ಟಿ ಎರಡೂ ಬಳೆಗಳ ಮೂಲಕ ಹಾಯಬೇಕು. ಆಗ ಬುರುಡೆ ಯಾವ ಕಡೆ ಹೊರಳಿದರೂ ಬಲೆಯೊಳಗೇ ಇರುತ್ತದೆ.

ಬಿಗಿ ಎಷ್ಟಿರಬೇಕು? ಸೆಣಬು, ಹತ್ತಿ ಹಗ್ಗಗಳು ತೊಯ್ದರೆ ಬಿಗಿದುಕೊಳ್ಳುತ್ತವೆ. ಒಣಗಿದ್ದಾಗಲೇ ಕಚ್ಚಿ ಕಟ್ಟಿದರೆ ನೀರಲ್ಲಿ ಸಿಪ್ಪೆಯನ್ನೇ ಒತ್ತಿ ಸೀಳಬಹುದು. ಹಗ್ಗದಡಿ ಒಂದು ಬೆರಳು ಕಷ್ಟಪಟ್ಟು ತೂರುವಷ್ಟು ಸಡಿಲ ಇರಲಿ. ನೈಲಾನ್ ಹಗ್ಗ ಇದಕ್ಕೆ ವಿರುದ್ಧ, ನೀರಲ್ಲಿ ಹಿಗ್ಗುತ್ತದೆ, ಗಂಟೂ ಜಾರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ನೈಲಾನೇ ಆದರೂ ಈ ಕೆಲಸಕ್ಕೆ ಅದನ್ನು ತರಬೇಡಿ.

ಹಂತ 7: ಭಾರ ಕಟ್ಟಿ ನೋಡುವುದು

ನಿಮ್ಮ ಬದಲು ಮೊದಲು ಮರಳು ಇಳಿಯಲಿ. ಎರಡೂ ಬುರುಡೆ ಜೋಡಿಸಿ, ಕೆಳಗೆ ಮರಳಿನ ಚೀಲ ತೂಗಿಬಿಟ್ಟು ತೊಟ್ಟಿಗೆ ಹಾಕಿ.

ಇಲ್ಲೊಂದು ಮೋಸ ಇದೆ. ನೀರಿನೊಳಗೆ ಮರಳಿನ ತೂಕವೂ ಇಳಿಯುತ್ತದೆ. 10 ಕೆಜಿ ಒಣ ಮರಳು ಮುಳುಗಿದಾಗ ಸುಮಾರು 6 ಕೆಜಿಯಷ್ಟೇ ಜಗ್ಗುತ್ತದೆ. ಚೀಲದಲ್ಲಿ 10 ಕೆಜಿ ಇತ್ತು, ಬುರುಡೆ ಹೊತ್ತಿತು ಎಂದು ಖುಷಿಪಟ್ಟವರು ನಿಜಕ್ಕೂ 6 ಕೆಜಿಯ ಪರೀಕ್ಷೆ ಮಾಡಿರುತ್ತಾರೆ. 10 ಕೆಜಿ ಎಳೆತ ಬೇಕಾದರೆ 16ರಿಂದ 17 ಕೆಜಿ ಮರಳು ತುಂಬಿ. ಜಿಮ್ಮಿನ ಕಬ್ಬಿಣದ ತಟ್ಟೆ ಇದ್ದರೆ ಕೆಲಸ ಸುಲಭ. ಕಬ್ಬಿಣ ಎಂಟನೇ ಒಂದು ಭಾಗದಷ್ಟೇ ಹಗುರಾಗುತ್ತದೆ, ಆದ್ದರಿಂದ 11.5 ಕೆಜಿ ಸಾಕು.

ಒಂದು ಇಡೀ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಬುರುಡೆಗಳನ್ನು ಬಿಡಿಸಿ, ಒರೆಸಿ, ತೂಕ ಮಾಡಿ. ಹಿಂದಿನ ದಿನಕ್ಕಿಂತ 100 ಗ್ರಾಂಗಿಂತ ಹೆಚ್ಚು ಏರಿದ್ದರೆ ಎಲ್ಲೋ ನೀರು ಹೋಗುತ್ತಿದೆ. 4ನೇ ಹಂತಕ್ಕೆ ಹಿಂತಿರುಗಿ. ಅಲ್ಲಾಡಿಸಿದಾಗ ಬೀಜದ ಗಲಗಲ ಹೋಗಿ ಮೆತ್ತನೆಯ ಸದ್ದು ಬಂದರೂ ಅದೇ ಅರ್ಥ.

ಕೊನೆಗೆ ಒಂದು ಬುರುಡೆ ಬಿಚ್ಚಿ, ಇನ್ನೊಂದರ ಮೇಲೆ ಮಾತ್ರ 5 ಕೆಜಿ ಎಳೆತ ಹಾಕಿ ನೋಡಿ. ಅದು ಹೊರದಿದ್ದರೆ ನಿಮ್ಮ ಜೋಡಿ ಚಿಕ್ಕದು.

ಹಂತ 8: ಮೈಗೆ ಕಟ್ಟುವುದು

ಸೊಂಟಕ್ಕೆ ಕಟ್ಟಿದರೆ ಸೊಂಟ ತೇಲುತ್ತದೆ, ತಲೆ ಕೆಳಗಾಗುತ್ತದೆ. ಬೆನ್ನಿಗೆ ಕಟ್ಟಿದರೆ ಮುಖ ನೀರಿನ ಕಡೆ ತಿರುಗುತ್ತದೆ. ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಬೆನ್ನಿಗೆ ಬುರುಡೆಯನ್ನೋ ಬೆಂಡನ್ನೋ ಕಟ್ಟುತ್ತಿದ್ದುದು ಕವುಚಿ ಮಲಗಿ ಕೈಕಾಲು ಬಡಿಯಲಿ ಎಂದೇ. ಮೇಲೆ ಹಗ್ಗ ಹಿಡಿದು ದೊಡ್ಡವರು ನಿಂತಿರುತ್ತಿದ್ದರು. ಒಬ್ಬರೇ ದಾಟುವಾಗ ಆ ಜಾಗ ಒಳ್ಳೆಯದಲ್ಲ.

ಬುರುಡೆಗಳು ಎರಡೂ ಕಂಕುಳ ಕೆಳಗೆ, ಎದೆಯ ಕಡೆಗೆ ತುಸು ಮುಂದಕ್ಕೆ ಇರಬೇಕು. ಪಟ್ಟಿ ಬೆನ್ನಿನಿಂದ ಬಂದು, ಎರಡೂ ಬಲೆಗಳ ಬಳೆಗಳನ್ನು ಹಾಯ್ದು, ಎದೆಯ ಮೇಲೆ ಸೇರಲಿ. ಅಲ್ಲಿ ಹಾಕುವ ಗಂಟು ಷೂ ಲೇಸಿನ ಗಂಟಿನಂತೆ ಬಾಲ ಎಳೆದ ಕೂಡಲೇ ಬಿಚ್ಚಿಕೊಳ್ಳಬೇಕು. ಜೀರುಗುಣಿಕೆ ಹಾಕಲೇಬೇಡಿ. ಬುರುಡೆ ಎಳೆದಷ್ಟೂ ಅದು ಎದೆ ಬಿಗಿಯುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಕಗ್ಗಂಟೂ ಬೇಡ, ತೊಯ್ದ ಬಟ್ಟೆಯ ಕಗ್ಗಂಟು ಬಿಚ್ಚಲು ಹಲ್ಲೇ ಬೇಕು.

ಇನ್ನೊಂದು ಪಟ್ಟಿಯನ್ನು ಬೆನ್ನಿನ ಪಟ್ಟಿಗೆ ಕಟ್ಟಿ, ಕಾಲ ಸಂದಿನಿಂದ ತಂದು ಎದೆಯ ಪಟ್ಟಿಗೆ ಸೇರಿಸಿ. ಇದನ್ನು ನಾಚಿಕೆಯಿಂದಲೋ ಸೋಮಾರಿತನದಿಂದಲೋ ಬಿಡುವವರೇ ಹೆಚ್ಚು. ಇದಿಲ್ಲದಿದ್ದರೆ ಬುರುಡೆ ಮೇಲಕ್ಕೆ ಜಾರಿ ಕಿವಿಯ ಪಕ್ಕ ಬಂದು ನಿಲ್ಲುತ್ತದೆ, ಮೈ ಕೆಳಗೆ ಜಾರುತ್ತದೆ. ಆರಂಭದಲ್ಲಿ ಹೇಳಿದ ಮೂರನೇ ದೂರಿಗೆ ಬಹುಪಾಲು ಕಾರಣ ಈ ಒಂದು ಪಟ್ಟಿ ಇಲ್ಲದಿರುವುದು.

ದಡದಲ್ಲೇ ಪರೀಕ್ಷಿಸಿ. ಇನ್ನೊಬ್ಬರು ಎರಡೂ ಬುರುಡೆ ಹಿಡಿದು ಮೇಲಕ್ಕೆ ಎತ್ತಲಿ. ನಿಮ್ಮ ಹಿಮ್ಮಡಿ ಏಳುವಂತಾಗಬೇಕು, ಬುರುಡೆ ಭುಜ ದಾಟಬಾರದು. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೇ ಕೈಯಲ್ಲಿ ಗಂಟು ಬಿಚ್ಚಿ. ಬಲಗೈಯಲ್ಲೊಮ್ಮೆ, ಎಡಗೈಯಲ್ಲೊಮ್ಮೆ.

ಹಂತ 9: ನಿಂತ ನೀರಿನಲ್ಲಿ

ಸೊಂಟಮಟ್ಟಕ್ಕೆ ಇಳಿದು ನಿಧಾನ ಕುಳಿತುಕೊಳ್ಳಿ. ಧುಮುಕಬೇಡಿ, ಬುರುಡೆ ನೀರಿಗೆ ಬಡಿದು ಒಡೆಯಬಹುದು, ಗಲ್ಲಕ್ಕೂ ಬಡಿಯಬಹುದು. ಪಾದ ಎತ್ತಿ, ಕೈ ಚಾಚಿ, ಸುಮ್ಮನಿರಿ. ಬಾಯಿ ನೀರಿನ ಮೇಲೆ ಆರಾಮವಾಗಿ ನಿಂತರೆ ಕಟ್ಟಿದ್ದು ಸರಿ.

ಗಾಬರಿಯಲ್ಲಿ ಎಲ್ಲರೂ ಬುರುಡೆಯನ್ನು ಅಪ್ಪಿಕೊಂಡು ಅದರ ಮೇಲೆ ಹತ್ತಲು ನೋಡುತ್ತಾರೆ. ಹತ್ತಿದಷ್ಟೂ ಅದು ಹೊರಳುತ್ತದೆ. ಮೈಯೆಲ್ಲ ನೀರೊಳಗಿದ್ದು ತಲೆ ಮಾತ್ರ ಹೊರಗಿದ್ದಾಗಲೇ ನಮ್ಮ ಲೆಕ್ಕ ನಡೆಯುವುದು. ಒಂದು ಕೈಯನ್ನು ನೀರಿನಿಂದ ಎತ್ತಿದರೂ ಆ ಕೈಯ ಪೂರ್ತಿ ತೂಕ ಬುರುಡೆಯ ಮೇಲೆ ಬೀಳುತ್ತದೆ. ಆಮೇಲೆ ಕಾಲು ಬಡಿಯುತ್ತಾ ಆಚೀಚೆ ಹೋಗಿ ರೂಢಿ ಮಾಡಿಕೊಳ್ಳಿ. ಕೈಯನ್ನು ನೀರೊಳಗೇ ಅಗಲಿಸಿ ಸೇರಿಸಿದರೆ ಸಾಕು.

ಹೊರಬರಬೇಕಾದ ಸೂಚನೆಗಳು: ಒಂದು ಭುಜ ಇನ್ನೊಂದಕ್ಕಿಂತ ತಗ್ಗಿದರೆ ಆ ಕಡೆಯ ಬುರುಡೆಗೆ ನೀರು ಹೋಗುತ್ತಿದೆ. ಪಟ್ಟಿ ಕಂಕುಳಲ್ಲಿ ಉರಿಯತೊಡಗಿದರೆ ಬಲೆ ಜಾರಿದೆ. ತುಟಿ, ಗಲ್ಲ ನಡುಗತೊಡಗಿದರೆ ಮೈ ತಣ್ಣಗಾಗುತ್ತಿದೆ, ಬೆರಳು ಗಂಟು ಬಿಚ್ಚದಂತಾಗುವ ಮುಂಚೆ ದಡ ಸೇರಿ.

ಹಂತ 10: ಹರಿಯುವ ನೀರು

ಇಲ್ಲಿ ನನ್ನ ಸಲಹೆ ಚಿಕ್ಕದು: ಹೋಗಬೇಡಿ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡೆಯ ಜನ ಈ ಶತಮಾನದಲ್ಲೂ ಬುರುಡೆ ಕಟ್ಟಿಕೊಂಡು ಹೊಳೆ ದಾಟಿದ್ದಾರೆ. ಬೇರೆ ದಾರಿಯಿಲ್ಲದೆ ದಾಟಿದರು, ಸೆಳವು ಎಲ್ಲಿ ತಿರುಗುತ್ತದೆಂದು ಚಿಕ್ಕಂದಿನಿಂದ ಬಲ್ಲವರು ದಾಟಿದರು. ವಾರಾಂತ್ಯದ ಪ್ರಯೋಗಕ್ಕೆ ಅದು ಮಾದರಿಯಲ್ಲ.

ಹಿಂದಿನವರು ಹೇಗೆ ದಾಟುತ್ತಿದ್ದರೆಂದು ತಿಳಿಯಬೇಕಾದವರಿಗೆ ಕ್ರಮ ಇದು. ಇಳಿಯುವ ಜಾಗ, ಹತ್ತುವ ಜಾಗಕ್ಕಿಂತ ಬಹಳ ಮೇಲಿರಬೇಕು. ನೀರಿಗೆ ಎದುರಾಗಿ ಹೋರಾಡದೆ ಓರೆಯಾಗಿ ಸಾಗಿ, ಹರಿವು ಕೆಳಕ್ಕೆ ಒಯ್ಯುವಷ್ಟನ್ನು ಒಯ್ಯಲು ಬಿಡಬೇಕು. ಬಂಡೆ ಎದುರಾದರೆ ತಲೆಯಲ್ಲ, ಕಾಲು ಮುಂದಿರಬೇಕು. ಬಿದ್ದ ಮರದ ಕೊಂಬೆಗಳ ಕಡೆಗೆ ಹೋಗಲೇಬಾರದು. ನೀರು ತೂರಿ ಹೋಗುತ್ತದೆ, ಬುರುಡೆ ಸಿಕ್ಕಿಕೊಳ್ಳುತ್ತದೆ.

ದಡದ ಮರಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಮೈಗೆ ಬಿಗಿದುಕೊಳ್ಳುವುದು ಸುರಕ್ಷಿತ ಎನಿಸುತ್ತದೆ, ನಿಜಕ್ಕೂ ಅದು ಅತಿ ಅಪಾಯದ ಕೆಲಸ. ಹಗ್ಗ ಬಿಗಿದ ಕೂಡಲೇ ಸೆಳವು ಮೈಯನ್ನು ಕೆಳಕ್ಕೆ ಒತ್ತುತ್ತದೆ, ಎರಡಲ್ಲ ನಾಲ್ಕು ಬುರುಡೆಯಿದ್ದರೂ ಮೇಲೇಳಲಾಗದು.

ನೀರಿನ ಬಣ್ಣ ಕೆಂಪಗಾಗುವುದು, ಕಡ್ಡಿ ನೊರೆ ತೇಲಿಬರುವುದು, ದಡದಲ್ಲಿಟ್ಟ ಕಲ್ಲು ಮುಳುಗುವುದು, ಇವೆಲ್ಲ ಹೊಳೆ ಏರುತ್ತಿರುವ ಗುರುತು. ಅಣೆಕಟ್ಟಿನ ಕೆಳಗೆ ಈ ಗುರುತುಗಳಿಗೂ ಕಾಯುವಂತಿಲ್ಲ, ಮಳೆಯೇ ಇಲ್ಲದ ದಿನ ಗೇಟು ತೆರೆದಿರಬಹುದು. ಕೃಷ್ಣೆ, ತುಂಗಭದ್ರೆಗಳಲ್ಲಿ ಮೊಸಳೆಗಳಿವೆ ಎನ್ನುವುದನ್ನೂ ನೆನಪಿಡಿ.

ಬುರುಡೆ ಸಿಗದಿದ್ದರೆ

ಬಾಳೆದಿಂಡಿನ ತೆಪ್ಪ. ಗೊನೆ ಕಡಿದ ಮೇಲೆ ಉಳಿದ ದಪ್ಪ ದಿಂಡು ಐದಾರು ತನ್ನಿ, ಆರೇಳು ಅಡಿ ಉದ್ದಕ್ಕೆ ಕತ್ತರಿಸಿ. ಬುಡ ಒಂದು ಕಡೆ, ತುದಿ ಒಂದು ಕಡೆ ಬರುವಂತೆ ಅದಲುಬದಲಾಗಿ ಜೋಡಿಸಿ, ಇಲ್ಲದಿದ್ದರೆ ತೆಪ್ಪ ಒಂದೇ ಕಡೆ ವಾಲುತ್ತದೆ. ಬರೀ ಹಗ್ಗ ಸುತ್ತಿದರೆ ಲೋಳೆಗೆ ಜಾರಿ ಐದೇ ನಿಮಿಷದಲ್ಲಿ ದಿಂಡುಗಳು ಬೇರೆಯಾಗುತ್ತವೆ. ಎರಡು ತುದಿಯಲ್ಲೂ ನಡುವೆಯೂ ಚೂಪು ಮಾಡಿದ ಬಿದಿರಿನ ಗಳುವನ್ನು ಎಲ್ಲ ದಿಂಡುಗಳ ನಡುಮಧ್ಯದಿಂದ ತೂರಿಸಿ, ಆಮೇಲೆ ಗಳುವಿನ ತುದಿಗಳಿಗೆ ಹಗ್ಗ ಬಿಗಿಯಿರಿ. ದಿಂಡು ತೇಲುವುದು ಅದರ ಪದರಗಳೊಳಗಿನ ಗಾಳಿಗೂಡುಗಳಿಂದ. ಕಡಿದ ತುದಿಗಳಿಂದ ಅವು ನೀರು ತುಂಬಿಕೊಳ್ಳುತ್ತಾ ಹೋಗುತ್ತವೆ. ಕಡಿದ ದಿನವೇ ಬಳಸಿ, ನಿನ್ನೆಯ ತೆಪ್ಪವನ್ನು ಹೊಸದಾಗಿ ಪರೀಕ್ಷಿಸದೆ ಹತ್ತಬೇಡಿ. ಹಳೆ ಬಟ್ಟೆ ತೊಡಿ, ಬಾಳೆಯ ಕರೆ ಹೋಗುವುದಿಲ್ಲ.

ಕೊಡ. ಬೋರಲು ಹಿಡಿದ ಖಾಲಿ ಕೊಡ ಚೆನ್ನಾಗಿ ಎತ್ತುತ್ತದೆ, ಆದರೆ ತುಸು ವಾಲಿದರೂ ಇದ್ದ ಗಾಳಿಯೆಲ್ಲ ಒಂದೇ ಸಲ ಹೋಗುತ್ತದೆ. ಸಿಂಧೂ ನದಿಯ ಮೀನುಗಾರರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ದೊಡ್ಡ ಮಡಕೆಯ ಬಾಯಿ ಮೇಲಕ್ಕಿಟ್ಟು, ಅದರ ಮೇಲೆ ಹೊಟ್ಟೆ ಊರಿ ಕವುಚಿ ಮಲಗಿ, ಹೊಟ್ಟೆಯನ್ನೇ ಮುಚ್ಚಳ ಮಾಡಿಕೊಂಡು ಪಲ್ಲ ಮೀನು ಹಿಡಿಯುತ್ತಿದ್ದರು. ಹಿಡಿದ ಮೀನೂ ಅದೇ ಮಡಕೆಗೆ. ಅಭ್ಯಾಸವಿಲ್ಲದವರು ಹೊರಳುವುದು ಖಂಡಿತ.

ತೊಗಲು. ಈಗಿನ ಇರಾಕಿನಲ್ಲಿದ್ದ ಅಸ್ಸೀರಿಯದ ದೊರೆ ಎರಡನೇ ಅಶೂರ್‌ನಸಿರ್‌ಪಾಲ್ ಕ್ರಿ.ಪೂ. 9ನೇ ಶತಮಾನದಲ್ಲಿ ನಿಮ್ರೂದಿನ ಅರಮನೆಗೆ ಕೆತ್ತಿಸಿದ ಕಲ್ಲುಗಳಲ್ಲಿ ಗಾಳಿ ತುಂಬಿದ ತೊಗಲಿನ ಮೇಲೆ ಈಜುವವರಿದ್ದಾರೆ. ಅವರ ಬಾಯಿ ತೊಗಲಿನ ಕಾಲಿಗೆ ಹತ್ತಿಕೊಂಡಿದೆ, ಈಜುತ್ತಲೇ ಊದುತ್ತಿದ್ದಾರೆ. ಹೊಲಿಗೆಯಿಂದ ಗಾಳಿ ಸೋರುತ್ತಲೇ ಇರುತ್ತದೆ. ಅಲೆಕ್ಸಾಂಡರನ ಸೈನ್ಯ ಕ್ರಿ.ಪೂ. 329ರಲ್ಲಿ ಮಧ್ಯ ಏಷ್ಯಾದ ಆಕ್ಸಸ್ ನದಿ ದಾಟಿದ್ದು ಡೇರೆಯ ತೊಗಲುಗಳಲ್ಲಿ ಒಣಹುಲ್ಲು ತುಂಬಿ ಹೊಲಿದು. ಸೋರಿದರೂ ಹುಲ್ಲು ತುಂಬಿದ ಚೀಲ ಒಮ್ಮೆಗೇ ಚಪ್ಪಟೆಯಾಗುವುದಿಲ್ಲ. ಇಂದು ತೊಗಲಿನ ಬದಲು ಟಾರ್ಪಾಲಿನ್ ಹೊಲಿದು ಪ್ರಯತ್ನಿಸುವವರು ಗಾಳಿಯನ್ನಷ್ಟೇ ನಂಬದೆ ಒಣಹುಲ್ಲನ್ನು ಗಿಡಿದು ತುಂಬಿ, ಹೊಲಿಗೆಯ ಮೇಲೆ ಅದೇ ಮೇಣ ಹಚ್ಚಿ.

ಹಂತ 11: ಎತ್ತಿಡುವುದು

ನೀರಿನಿಂದ ಬಂದ ದಿನವೇ ಬಲೆ ಬಿಚ್ಚಿ. ಒದ್ದೆ ಹಗ್ಗ ಸುತ್ತಿಕೊಂಡೇ ಇದ್ದರೆ ಅದರಡಿ ಸಿಪ್ಪೆ ಕಪ್ಪಾಗಿ ಮೆತ್ತಗಾಗುತ್ತದೆ. ಬುರುಡೆಯನ್ನು ನೆರಳಲ್ಲಿ ಒಣಗಿಸಿ, ಹಗ್ಗವನ್ನು ಬೇರೆಯೇ ತೂಗುಹಾಕಿ. ಹಗ್ಗದ ಎಳೆ ಬಿಚ್ಚಿ ನೋಡಿದಾಗ ಒಳಗಿನ ನಾರು ಪುಡಿಯಾಗುತ್ತಿದ್ದರೆ ಹೊಸದು ಹೆಣೆಯಿರಿ.

ಬುರುಡೆಯನ್ನು ನೆಲದ ಮೇಲೆ, ಡಬ್ಬದ ಹಿಂದೆ ಇಡಬೇಡಿ. ಒಳಗಿರುವ ಬೀಜಕ್ಕಾಗಿ ಇಲಿ ಕೊರೆಯುತ್ತದೆ, ಅದೂ ಸರಿಯಾಗಿ ತಳದಲ್ಲಿ, ಬಲೆಯ ಬಳೆಯ ಕೆಳಗೆ ಕಾಣದಂತೆ. ಜಂತೆಯಿಂದ ತಂತಿಯಲ್ಲಿ ತೂಗುಬಿಡಿ, ಮುಂದಿನ ಸಲ ಇಳಿಸಿದಾಗ ಬಲೆ ಹಾಕುವ ಮುಂಚೆ ಬಿಸಿನೀರಿನ ಪರೀಕ್ಷೆಯಿಂದಲೇ ಶುರುಮಾಡಿ.